ಜ್ಯೇಷ್ಠಮಧುವನ್ನು ಬೇರಾಗಿಯೇ ಕೊಡುವ ಮಡಿಕೇರಿಯ ಗ್ರಂಥಿಗೆ ಅಂಗಡಿ

ಶಾಲೆ ಶುರುವಾಗುವುದಕ್ಕೂ ಕೊಡಗಿನಲ್ಲಿ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಮೀರಿಸಿ ಮೂವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿದರೆ ಜೂನ್ ಮುಗಿಯುವುದರೊಳಗೆ ನನ್ನ ಗಂಟಲು ಕಟ್ಟುತ್ತದೆ. ಇಪ್ಪತ್ತೆರಡು ವರ್ಷಗಳ ಮೇಷ್ಟರಗಿರಿಯಲ್ಲಿ ಒಂದು ಮಳೆಗಾಲವೂ ತಪ್ಪಿಲ್ಲ. ಅದಕ್ಕೆ ನಾನು ನಂಬಿರುವುದು ಜ್ಯೇಷ್ಠಮಧುವಿನ ಕಷಾಯವನ್ನು. ಅದರ ಬೇರು ತರುವುದು ಮಡಿಕೇರಿ ಮಾರುಕಟ್ಟೆಯಿಂದ ಸ್ವಲ್ಪ ಮೇಲಕ್ಕೆ ಹತ್ತಿದರೆ ಸಿಗುವ ಒಂದು ಸಣ್ಣ ಗ್ರಂಥಿಗೆ ಅಂಗಡಿಯಿಂದ.

ಬಾಗಿಲಲ್ಲೇ ಬಜೆ, ಲಾವಂಚ, ಹಿಪ್ಪಲಿಯ ವಾಸನೆ ಮೂಗಿಗೆ ಬಡಿಯುತ್ತದೆ. ಅಂಗಡಿಯ ಕಾಕಾ ಕಣ್ಣೂರು ಕಡೆಯವರು. ಜ್ಯೇಷ್ಠಮಧು ಎಂದರೂ ಅತಿಮಧುರ ಎಂದರೂ ಅವರಿಗೆ ಅರ್ಥವಾಗುತ್ತದೆ, ಆದರೆ ಡಬ್ಬಿ ಇಳಿಸುವಾಗ ಅವರ ಬಾಯಲ್ಲಿ ಬರುವುದು ‘ಇರಟ್ಟಿಮಧುರಂ’. ಇಮ್ಮಡಿ ಸಿಹಿ ಎಂದರ್ಥ. ಎಷ್ಟು ಸರಿಯಾದ ಹೆಸರು! ಇದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ.

ಮದ್ದು ಸೊಪ್ಪಿನ ಹಾಗೆ ಇದು ನಮ್ಮ ತೋಟದ ಅಂಚಿನಲ್ಲಿ ಸಿಗುವ ವಸ್ತುವಲ್ಲ. ಇರಾನ್, ಅಫ್ಘಾನಿಸ್ತಾನದಂತಹ ಒಣ ಸೀಮೆಯ ಗಿಡ. ಅಲ್ಲಿಂದ ಬಂದ ಬೇರು ಮಡಿಕೇರಿಯ ಥಂಡಿಯಲ್ಲಿ ಕೆಡದೆ ಇರಬೇಕಾದರೆ ಅಂಗಡಿಯವರಿಗೆ ಕಾಳಜಿ ಇರಬೇಕು. ಕಾಕಾ ಅದನ್ನು ಗೋಣಿಯಲ್ಲಿ ಇಡುವುದಿಲ್ಲ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು, ಬಿಸಿಲು ಕಂಡ ದಿನ ಹೊರಗೆ ಹರಡುತ್ತಾರೆ. ಕೇಳಿದರೆ ಒಂದು ಕಡ್ಡಿ ಮುರಿದು ತೋರಿಸುತ್ತಾರೆ: ಹೊರಗೆ ಸುಕ್ಕುಗಟ್ಟಿದ ಕಂದು ಸಿಪ್ಪೆ, ಒಳಗೆ ಅರಿಸಿನ ಬಣ್ಣದ ನಾರು. ನಾಲಿಗೆಗೆ ಇಟ್ಟ ತಕ್ಷಣ ಮರದ ರುಚಿ. ಒಂದೆರಡು ಸಲ ಜಗಿದ ಮೇಲೆ ಸಿಹಿ ನಿಧಾನವಾಗಿ ಬಂದು ಗಂಟಲಿನವರೆಗೂ ಇಳಿದು, ಅಂಗಡಿಯಿಂದ ಬಸ್ ನಿಲ್ದಾಣದವರೆಗೆ ನಡೆದರೂ ಹೋಗುವುದಿಲ್ಲ. ಹಾಡುವವರು ಇದನ್ನು ದವಡೆಯಲ್ಲಿ ಇಟ್ಟುಕೊಳ್ಳುವುದು ಇದಕ್ಕೇ.

ಪುಡಿ ಕೊಡಿ ಎಂದರೆ ಕಾಕಾ ಕೊಡುವುದಿಲ್ಲ. ಇದಕ್ಕೆ ಬೇಸರಪಟ್ಟುಕೊಂಡು ಹೊರಟವರನ್ನು ನಾನೇ ನೋಡಿದ್ದೇನೆ. ಆದರೆ ಅವರು ಮಾಡುವುದೇ ಸರಿ. ಜ್ಯೇಷ್ಠಮಧುವಿಗೆ ಗುಲಗಂಜಿಯ ಬೇರು ಬೆರೆಸುವುದುಂಟು, ಪುಡಿಯಾದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಜೊತೆಗೆ ನಮ್ಮ ಮಳೆಗಾಲದಲ್ಲಿ ಪುಡಿ ಬೇಗ ಗಂಟುಕಟ್ಟಿ ಬೂಸಲು ಹಿಡಿಯುತ್ತದೆ.

ಪುಡಿಯ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ. ಎರಡು ವರ್ಷದ ಹಿಂದೆ ಬೇರೊಂದು ಕಡೆಯಿಂದ ಅದರ ಪೊಟ್ಟಣ ತಂದಿದ್ದೆ. ಸಕ್ಕರೆ ಬಿಟ್ಟಿದ್ದ ಅತ್ತೆಗೆ ಅದರ ಸಿಹಿ ಬಹಳ ಹಿಡಿಸಿತು. ಲೋಟಕ್ಕೆ ಒಂದು ಚಮಚದಂತೆ ಬಿಸಿನೀರಿಗೆ ಕಲಸಿ, ಗಸಿಯನ್ನೂ ಬಿಡದೆ ದಿನಕ್ಕೆ ಮೂರು ಸಲ ಕುಡಿದರು. ತಿಂಗಳಾಗುವುದರೊಳಗೆ ಕಾಲು ಊದಿಕೊಂಡಿತು, ರಕ್ತದೊತ್ತಡ 170 ದಾಟಿತು. ‘ಹೊಸದಾಗಿ ಏನು ತೆಗೆದುಕೊಳ್ಳುತ್ತಿದ್ದೀರಿ ಅಮ್ಮಾ?’ ಎಂದು ವೈದ್ಯರು ಕೇಳಿದಾಗಲೇ ನನಗೆ ಹೊಳೆದದ್ದು. ಗ್ಲಿಸಿರೈಜಿನ್ ಹೆಚ್ಚಾದರೆ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಗೆ ಹಾಕುತ್ತದಂತೆ. ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಅತ್ತೆ ಸುಧಾರಿಸಿಕೊಂಡರು. ಆ ಪೊಟ್ಟಣದ ಮೇಲೆ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾಕಾ ಮಾತ್ರ ಹೊಸಬರು ಬಂದರೆ ತಕ್ಕಡಿ ಎತ್ತುವ ಮೊದಲೇ ಕೇಳುತ್ತಾರೆ: ‘ಮನೆಯಲ್ಲಿ ಬೀಪಿ ಇರುವವರು ಇದ್ದಾರೆಯೇ? ಬಸುರಿಯರು?’ ಇದ್ದಾರೆ ಎಂದರೆ ಅವರಿಗೆ ಕೊಡಬೇಡಿ ಎಂದು ಹೇಳಿಯೇ ಕಟ್ಟುತ್ತಾರೆ. ಈ ಒಂದು ಪ್ರಶ್ನೆಗಾಗಿಯೇ ನಾನು ಬಸ್ ಹತ್ತಿ ಅಲ್ಲಿಗೆ ಹೋಗುತ್ತೇನೆ.

ನಾನು ಮಾಡುವ ಕ್ರಮ ಹೀಗಿದೆ. ಕಿರುಬೆರಳಿನ ಅರ್ಧದಷ್ಟು ತುಂಡನ್ನು ಕುಟ್ಟಾಣಿಯಲ್ಲಿ ನಾರು ಬಿಡಿಸಿಕೊಳ್ಳುವ ತನಕ ಜಜ್ಜಬೇಕು, ನುಣ್ಣಗೆ ಆಗಬೇಕಾಗಿಲ್ಲ. ಎರಡು ಲೋಟ ನೀರಿಗೆ ಅದನ್ನೂ ಒಂದು ಚೂರು ಶುಂಠಿ, ನಮ್ಮದೇ ತೋಟದ ನಾಲ್ಕು ಕಾಳುಮೆಣಸನ್ನೂ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸುತ್ತೇನೆ. ಅಂಟುವಾಳದ ಹಾಗೆ ಬಿಳಿ ನೊರೆ ಏಳುತ್ತದೆ, ಗಾಬರಿ ಬೇಡ, ಅದು ಬೇರಿನದೇ ಗುಣ. ಪಾತ್ರೆಯ ಹತ್ತಿರ ನಿಂತಿರಿ, ಉಕ್ಕುತ್ತದೆ. ನೀರು ಒಂದೂವರೆ ಲೋಟಕ್ಕೆ ಇಳಿದು ಜೇನಿನ ಬಣ್ಣಕ್ಕೆ ಬಂದಾಗ ಸೋಸಬೇಕು. ಇನ್ನೂ ಕುದಿಸಿದರೆ ಕಹಿಯಾಗುತ್ತದೆ. ಬೆಲ್ಲ ಹಾಕಬೇಡಿ, ಬೆಲ್ಲದ ಕಾಪಿ ಕುಡಿದು ಬೆಳೆದ ನನಗೇ ಅದು ಅತಿಯಾಯಿತು. ಬೆಳಿಗ್ಗೆ ಅರ್ಧ ಲೋಟ, ರಾತ್ರಿ ಅರ್ಧ ಲೋಟ, ನಾಲ್ಕೈದು ದಿನ ಕುಡಿದು ನಿಲ್ಲಿಸುತ್ತೇನೆ. ಎರಡನೆಯ ದಿನಕ್ಕೆ ಗಂಟಲಿನ ಕೆರೆತ ಇಳಿದು, ಮಗ್ಗಿ ಹೇಳುವಷ್ಟು ಧ್ವನಿ ಬರುತ್ತದೆ.

ಕೊರತೆ ಇಲ್ಲವೆಂದಲ್ಲ. ಹೆಬ್ಬೆರಳು ಗಾತ್ರದ ಬೇರುಗಳನ್ನೂ ಸೇರಿಸಿ ತೂಗುತ್ತಾರೆ, ಅವು ಕುಟ್ಟಾಣಿಗೆ ಬಗ್ಗುವುದಿಲ್ಲ. ಪೆನ್ಸಿಲ್ ದಪ್ಪದವನ್ನು ಆರಿಸಿಕೊಡಿ ಎಂದು ಕೇಳಿಯೇ ತೆಗೆದುಕೊಳ್ಳಿ, ಆರಿಸಿಕೊಡುತ್ತಾರೆ. ಕಟ್ಟುವುದು ಪತ್ರಿಕೆಯ ಕಾಗದದಲ್ಲಿ. ಜುಲೈ ಮಳೆಯಲ್ಲಿ ಆ ಪೊಟ್ಟಣ ಮನೆ ಮುಟ್ಟುವುದರೊಳಗೆ ಒದ್ದೆ ಮುದ್ದೆ. ಗಾಜಿನ ಒಣ ಬಾಟಲಿಯೊಂದು ಚೀಲದಲ್ಲಿರಲಿ. ನಾನು ಕಳೆದ ಸಲ 50 ಗ್ರಾಂಗೆ 40 ರೂಪಾಯಿ ಕೊಟ್ಟೆ, ಒಂದು ಮಳೆಗಾಲಕ್ಕೆ ಅದು ಧಾರಾಳವಾಯಿತು.

ಶುಕ್ರವಾರದ ಸಂತೆಗೆ ಬರುವವರು ಹನ್ನೆರಡೂವರೆಯೊಳಗೆ ಹೋಗಿ. ಆಮೇಲೆ ಕಾಕಾ ನಮಾಜಿಗೆ ಬಾಗಿಲು ಹಾಕಿದರೆ ತೆರೆಯುವುದು ಎರಡು ಗಂಟೆಗೆ.