ಸಾಫ್ಟ್ ಟಾಪ್ ಜೀಪಿಗೆ ಯಾವ ಹೊದಿಕೆ? ಗೋವಾ ಮಳೆಯಲ್ಲಿ ನಾನು ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಡಪತ್ರಿಗೆ. ಪೈಪ್ ನಿಲ್ಲಿಸಿ, ಗಾಡಿಗೆ ತಾಗದ ಹಾಗೆ ಮೇಲೆ ಕಟ್ಟುವ ನೀಲಿ ತಾಡಪತ್ರಿ. ನೋಡಲು ಏನೂ ಚೆಂದ ಇಲ್ಲ. ಮನೆಯಲ್ಲಿ ಏನು ಕಾರ್ಯಕ್ರಮ ಅಂತ ಪಕ್ಕದವರು ಕೇಳಿದ್ದೂ ಆಯಿತು. ಆದರೆ ನನ್ನ ಗಾಡಿಯ ಹುಡ್, ಅಂದರೆ ಮಡಚುವ ಮೆತ್ತನೆ ಚಾವಣಿ, ಇವತ್ತಿಗೂ ಗಟ್ಟಿಯಾಗಿರುವುದು ಅದರಿಂದಲೇ.

ಊರು ಧಾರವಾಡ, ಕೆಲಸ ಗೋವಾದ ವಾಸ್ಕೋದಲ್ಲಿ. ಗಾಡಿ ಹಳೆ ಥಾರ್, 2010ರಲ್ಲಿ ಬಂತಲ್ಲ ಆ ಮಾದರಿ. ರೆಕ್ಸಿನ್ ಹುಡ್, ಪಕ್ಕಕ್ಕೂ ಹಿಂದಕ್ಕೂ ಪ್ಲಾಸ್ಟಿಕ್ ಕಿಟಕಿ. ಸಾಫ್ಟ್ ಟಾಪ್ ಜಿಪ್ಸಿ ಇಟ್ಟುಕೊಂಡವರಿಗೂ ಇದೇ ಪಾಡು. ಬಾಡಿಗೆ ಮನೆಗೆ ಅಂಗಳ ಇದೆ, ಶೆಡ್ ಇಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಗಾಗಿ ಏನಾದರೂ ಹೊದಿಸಲೇಬೇಕು.

ಮೊದಲು ತಂದದ್ದು ಬೆಳ್ಳಿ ಬಣ್ಣದ ವಾಟರ್‌ಪ್ರೂಫ್ ಕವರ್. ಆನ್‌ಲೈನ್‌ನಲ್ಲಿ ಎರಡು ಸಾವಿರದ ಒಳಗೆ ಸಿಕ್ಕಿತು. ನೀರು ನಿಲ್ಲಿಸಿತಾ ಅಂದರೆ ನಿಲ್ಲಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೊರಗಿನ ನೀರು ಒಳಗೆ ಬರದಿದ್ದರೆ ಒಳಗಿನ ತೇವವೂ ಹೊರಗೆ ಹೋಗಲ್ಲ. ಸಂಜೆ ಒದ್ದೆ ಗಾಡಿಗೆ ಹೊದಿಸಿ ಒಂದೆರಡು ದಿನ ತೆಗೆಯದಿದ್ದರೆ ಹುಡ್‌ನ ಹೊಲಿಗೆಯುದ್ದಕ್ಕೂ ಬೂಸಲು. ಅದನ್ನು ಸೋಪು ನೀರಲ್ಲಿ ತಿಕ್ಕಿ ಹೇಗೋ ತೆಗೆಯಬಹುದು. ತೆಗೆಯಲಾಗದ್ದು ಬೇರೆ ಇದೆ.

ಹಿಂದಿನ ಕಿಟಕಿಯ ನಡುವೆ ಮಂಜು ಕವಿದ ಹಾಗೆ ಒಂದು ಪಟ್ಟಿ ಕಾಣಿಸಿತು. ಎರಡು ಬೆರಳಿನಷ್ಟು ಅಗಲ, ಅಡ್ಡಕ್ಕೆ, ಗೆರೆ ಎಳೆದಷ್ಟು ನೇರ. ಉಸಿರಿನ ಹಬೆ ಇರಬೇಕು ಅಂತ ಒಳಗಿನಿಂದ ಒರೆಸಿದೆ, ಹೋಗಲಿಲ್ಲ. ಹೊರಗಿನಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಲ್ಲಿ ಸವರಿದರೆ ಸಣ್ಣಗೆ ತರಿ ತರಿ. ಕವರ್ ಹೊದಿಸಿ ನೋಡಿದಾಗ ಗೊತ್ತಾಯಿತು, ಕವರಿನ ಜೋಡಣೆಯ ಹೊಲಿಗೆ ಸರಿಯಾಗಿ ಅದೇ ಜಾಗದ ಮೇಲೆ ಕೂರುತ್ತದೆ. ವಾಸ್ಕೋದಲ್ಲಿ ಇರುವವರಿಗೆ ಬಂದರಿನ ಕಲ್ಲಿದ್ದಲಿನ ಕಪ್ಪು ಧೂಳು ಗೊತ್ತೇ ಇದೆ, ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆಯ ಮೇಲೆ ಸಂಜೆಗೆ ಬೆರಳಿಟ್ಟರೆ ಅಂಟುತ್ತದೆ. ಆ ಧೂಳು ಕವರಿನ ಕೆಳಗೂ ಸೇರುತ್ತದೆ. ಮೇಲಿಂದ ಜುಲೈ ಗಾಳಿ. ಕವರ್ ರಾತ್ರಿಯಿಡೀ ಉಬ್ಬುತ್ತದೆ, ಬೀಳುತ್ತದೆ, ಜಗ್ಗುತ್ತದೆ, ಕೆಳಗಿನ ಧೂಳು ಉಪ್ಪುಕಾಗದದ ಹಾಗೆ ಪ್ಲಾಸ್ಟಿಕ್ಕನ್ನು ಉಜ್ಜುತ್ತಲೇ ಇರುತ್ತದೆ. ಅಂಚಿನ ಇಲಾಸ್ಟಿಕ್ ಎಷ್ಟೇ ಬಿಗಿ ಇರಲಿ, ನಡುಭಾಗ ಸಡಿಲವೇ. ಬಕಲ್ ಇರುವ ಪಟ್ಟಿ ಹಾಕಿ ಬಿಗಿದೂ ನೋಡಿದೆ. ಆಗ ಹಾರಾಟ ಕಡಿಮೆಯಾಯಿತು, ಒತ್ತುವುದು ಜಾಸ್ತಿಯಾಯಿತು, ಗೀರು ಬೀಳುವುದು ಮಾತ್ರ ನಿಲ್ಲಲಿಲ್ಲ.

ಹಗಲಲ್ಲಿ ಇದು ಅಷ್ಟೇನೂ ಕಾಟ ಕೊಡಲ್ಲ. ರಾತ್ರಿ ಧಾರವಾಡಕ್ಕೆ ಹೊರಟು ಮೊಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಹಿಂದೆ ಒಂದು ಲಾರಿ ಬಂತು ಅನ್ನಿ, ಅದರ ಹೆಡ್‌ಲೈಟ್ ಆ ಗೀರುಗಳಿಗೆ ಬಡಿದು ಒಳಗಿನ ಕನ್ನಡಿಯ ತುಂಬ ಬರೀ ಬಿಳಿ ಬೆಳಕು. ಹಿಂದೆ ಎಷ್ಟು ಗಾಡಿ, ಎಷ್ಟು ದೂರ, ಏನೂ ತಿಳಿಯಲ್ಲ. ಮಳೆಯೂ ಇದ್ದರೆ ಪಕ್ಕದ ಕನ್ನಡಿಯೇ ಗತಿ.

ಝುವಾರಿನಗರದಲ್ಲಿ ಹುಡ್ ಹೊಲಿಯುವ ನಮ್ಮ ವಿಜಯಪುರ ಕಡೆಯ ಕಾಕಾ ಒಬ್ಬರಿದ್ದಾರೆ. ಪಾಲಿಶ್ ಮಾಡಿ ಕೊಡಿ ಅಂದೆ. ಸ್ವಲ್ಪ ಉಜ್ಜಿ ನೋಡಿದರು. "ಮ್ಯಾಲಿಂದು ಹೋಗ್ತದರೀ ಸರ, ಆಳಕ್ಕ ಇಳದದ್ದು ಹೋಗಂಗಿಲ್ಲ. ಇದನ್ನ ಕಿತ್ತು ಬ್ಯಾರೇ ಹೊಲಿಯೂಣು" ಅಂದರು. ಹೊಲಿಸಿದೆ. ಕವರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಕಿಟಕಿಗೆ ಹೋಯಿತು.

ಎರಡನೆಯದು ಗಾಳಿಯಾಡುವ ಬಟ್ಟೆಯ ಕವರ್, ಒಳಗಡೆ ಮೆತ್ತನೆ ಅಸ್ತರಿ ಇರುವಂಥದ್ದು. ಪುಣೆಗೆ ವರ್ಗವಾಗಿದ್ದ ಸಹೋದ್ಯೋಗಿಯಿಂದ ತಂದೆ. ಹೊಸದಾಗಿ ಕೊಂಡರೆ ಬೆಳ್ಳಿ ಕವರಿನ ಮೂರು ಪಟ್ಟಿಗೂ ಮೇಲೆ. ಬೂಸಲು ಬರಲಿಲ್ಲ, ಗಾಡಿ ತೊಳೆದು ಹೊದಿಸಿದರೆ ಗೀರೂ ಇಲ್ಲ. ಅಕ್ಟೋಬರ್‌ನಿಂದ ಮೇ ತನಕ ಇದರಷ್ಟು ಒಳ್ಳೆಯದು ಇಲ್ಲ. ಆದರೆ ಬಿಡದೆ ಸುರಿಯುವ ಮಳೆಗೆ ಪೂರ್ತಿ ನೆನೆದು ಕಂಬಳಿ ಭಾರವಾಗುತ್ತದೆ, ಗೋವಾದ ಜುಲೈನಲ್ಲಿ ಅದನ್ನು ಎಲ್ಲಿ ಒಣಗಿಸುತ್ತೀರಿ? ಪುಣೆ ನಗರದಲ್ಲಿ ಇದರ ಕಾಲು ಭಾಗದಷ್ಟು ಮಳೆ, ಅಲ್ಲಿ ಇದ್ದಿದ್ದರೆ ಇದನ್ನೇ ಕೊಳ್ಳುತ್ತಿದ್ದೆ.

ಇನ್ನು ತಾಡಪತ್ರಿ. ಜಿಐ ಪೈಪ್ ನಾಲ್ಕು ಮೂಲೆಗೆ, ನಡುವೆ ಸ್ವಲ್ಪ ಎತ್ತರಕ್ಕೆ ಒಂದು ಅಡ್ಡ ಪೈಪ್. ಈ ಇಳಿಜಾರು ಬೇಕೇ ಬೇಕು. ಇಲ್ಲದಿದ್ದರೆ ನಡುವೆ ನೀರು ನಿಂತು ಜೋಲುತ್ತದೆ, ಭಾರಕ್ಕೆ ಎಲ್ಲಾ ಕುಸಿಯುತ್ತದೆ. 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್‌ಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ತೆಳುವಿನದು ತರಬೇಡಿ. ಹಗ್ಗವನ್ನು ನೇರ ಕಂಬಕ್ಕೆ ಕಟ್ಟದೆ, ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು ಸೇರಿಸಿ. ಗಾಳಿ ಬಂದಾಗ ಟ್ಯೂಬ್ ಹಿಗ್ಗುತ್ತದೆ, ತೂತಿನ ರಿಂಗ್ ಕಿತ್ತು ಬರಲ್ಲ. ಸುತ್ತಲೂ ತೆರೆದೇ ಇರುವುದರಿಂದ ಗಾಡಿ ತಾನಾಗಿ ಆರುತ್ತದೆ, ಹುಡ್‌ಗೆ ಯಾವುದೂ ಉಜ್ಜಲ್ಲ. ಓರೆ ಮಳೆಗೆ ಪಕ್ಕ ನೆನೆಯುತ್ತದೆ, ನೆನೆಯಲಿ ಬಿಡಿ, ಅದು ನೆನೆಯಲೆಂದೇ ಮಾಡಿದ ಹುಡ್ ಅಲ್ವಾ. ಬಿಸಿಲಿಗೆ ತಾಡಪತ್ರಿಯೂ ಪುಡಿಪುಡಿಯಾಗುತ್ತದೆ, ಎರಡು ವರ್ಷ ಬಂದರೆ ಪುಣ್ಯ. ಬದಲಿಸಲು ದೊಡ್ಡ ಖರ್ಚೇನಿಲ್ಲ.

ಹುಡ್ ಮಡಚುವ ವಿಷಯ ಮಾತ್ರ ಹೊದಿಕೆ ಯಾವುದಾದರೂ ಒಂದೇ. ಒದ್ದೆ ಹುಡ್ ಮಡಚಿಡಬೇಡಿ. ಪ್ಲಾಸ್ಟಿಕ್ ಕಿಟಕಿಯನ್ನು ಮೊದಲೇ ಜಿಪ್ ಬಿಚ್ಚಿ ತೆಗೆದು, ಹಳೆ ಪಂಚೆ ನಡುವೆ ಇಟ್ಟು ಸಡಿಲವಾಗಿ ಸುರುಳಿ ಸುತ್ತಿ. ಮಡಿಕೆ ಬಿದ್ದ ಕಡೆಯೇ ಆಮೇಲೆ ಸೀಳುತ್ತದೆ. ಕಿಟಕಿಯ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸಿರುವ ಪದಾರ್ಥ ಬಿಸಿಲಿಗೆ ಬರಬರುತ್ತಾ ಹೊರಟುಹೋಗುತ್ತದೆ, ಅದಕ್ಕೇ ಹಳೆ ಕಿಟಕಿ ಬಿರುಸಾಗುವುದು. ಡಿಸೆಂಬರ್ ಬೆಳಗಿನ ಚಳಿಯಲ್ಲಂತೂ ಬಗ್ಗಿಸಲೇಬೇಡಿ, ಸ್ವಲ್ಪ ಬಿಸಿಲು ತಾಗಲಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಬಾಡಿಗೆ ಜೀಪುಗಳು ಗೋವಾ ತುಂಬಾ ಓಡಾಡುತ್ತವಲ್ಲ, ಕೆಲವದರ ಹಿಂದಿನ ಕಿಟಕಿ ಒಮ್ಮೆ ನೋಡಿ, ಗೊತ್ತಾಗುತ್ತದೆ.

ಜಿಪ್ ಬಿಗಿಯಾದರೆ ಮೇಣದಬತ್ತಿ ಉಜ್ಜಿ. ಸೀಮೆಎಣ್ಣೆ, ಥಿನ್ನರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕಿಟಕಿಯ ಹತ್ತಿರವೂ ತರಬೇಡಿ. ಒಣ ಬಟ್ಟೆಯಲ್ಲಿ ಒರೆಸುವುದೂ ಬೇಡ, ಮೊದಲು ನೀರು ಬಿಟ್ಟು ಧೂಳು ಇಳಿಸಿ.

ನನಗೆ ತಾಡಪತ್ರಿ ಒಗ್ಗಿದ್ದಕ್ಕೆ ಕಾರಣ ಇದೆ. ಅಂಗಳ ಇದೆ, ಗಾಡಿ ತೆಗೆಯುವುದು ಹೆಚ್ಚಾಗಿ ಶನಿವಾರ ಭಾನುವಾರ, ಹಗ್ಗ ಬಿಗಿಯುವುದು ನನಗೆ ಬೇಜಾರಿನ ಕೆಲಸವಲ್ಲ. ಮುಂಬೈ ಸೊಸೈಟಿಯ ತೆರೆದ ಪಾರ್ಕಿಂಗ್‌ನಲ್ಲಿ ಪೈಪ್ ನೆಡಲು ಯಾರು ಬಿಡುತ್ತಾರೆ? ಅಂಥವರು ಬಟ್ಟೆಯ ಕವರನ್ನೇ ತಗೊಳ್ಳಿ, ಒಂದು ಕವರ್ ಒಣಗುವಾಗ ಹೊದಿಸಲು ಇನ್ನೊಂದು ಇದ್ದರೆ ಒಳ್ಳೆಯದು. ಬೆಳ್ಳಿ ಕವರ್ ಮಾತ್ರ ಸುಮ್ನೆ ದಂಡ, ಪುಕ್ಕಟೆ ಕೊಟ್ಟರೂ ಸಾಫ್ಟ್ ಟಾಪ್‌ಗೆ ಬೇಡ.

ತಾಡಪತ್ರಿ ತರುವವರು ಮೇ ತಿಂಗಳ ನಡುವೆಯೇ ತನ್ನಿ. ಮೊದಲ ಮಳೆ ಬಿದ್ದ ಮೇಲೆ ಹೋದರೆ ದರವೂ ಏರಿರುತ್ತದೆ, ಬೇಕಾದ ಅಳತೆಯೂ ಸಿಗಲ್ಲ.