ಆರು ವರ್ಷ ಕೇಳಿದ ಮೇಲೆ: ಆರ್ಕೇಡ್ ಫೈರ್ ಬ್ಯಾಂಡಿನ 'ಫ್ಯೂನರಲ್'

ಕಲಬುರಗಿಯ ಆಳಂದ ಚೆಕ್‌ಪೋಸ್ಟ್ ದಾಟಿದ ಕೂಡಲೇ ನಾನು ಈ ಆಲ್ಬಮ್ ಹಚ್ಚುತ್ತೇನೆ. ಹತ್ತು ಹಾಡು, ಸುಮಾರು 48 ನಿಮಿಷ. ಆಳಂದ ಹತ್ತಿರ ಬರುವಷ್ಟರಲ್ಲಿ ಕೊನೆಯ ಹಾಡು ನಡೆದಿರುತ್ತದೆ. ಎಷ್ಟು ಸಲ ಹೀಗೆ ಹೋಗಿದ್ದೇನೋ ಲೆಕ್ಕವಿಲ್ಲ.

ಮೊದಲ ಸಲ ಕೇಳಿದಾಗ ಹಿಡಿಸಲಿಲ್ಲ. 2019ರಲ್ಲಿ ಗೆಳೆಯನೊಬ್ಬ ಕೊಟ್ಟಿದ್ದ. ಹಾಡುಗಾರ ವಿನ್ ಬಟ್ಲರ್‌ನ ದನಿ ಎತ್ತರಕ್ಕೆ ಹೋದಾಗ ಒಡೆಯುತ್ತದೆ. ಗಿಟಾರ್, ಪಿಟೀಲು, ಅಕಾರ್ಡಿಯನ್, ಡ್ರಮ್ ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಇಷ್ಟೆಲ್ಲ ಚೀರಾಟ ಯಾಕೆ ಅನಿಸಿತ್ತು. ಹೆಸರು ಬೇರೆ 'ಅಂತ್ಯಕ್ರಿಯೆ'. ಎರಡು ತಿಂಗಳು ಮುಟ್ಟಲಿಲ್ಲ.

ಆ ಡಿಸೆಂಬರಿನಲ್ಲಿ ನಮ್ಮ ಮುತ್ಯಾ ತೀರಿಕೊಂಡರು. ಹೊಲದಲ್ಲಿ ತೊಗರಿ ಇನ್ನೂ ನಿಂತಿತ್ತು. ಮುತ್ಯಾನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ರಾತ್ರಿಯಿಡೀ ಭಜನೆ ಮಾಡಿದರು. ಕಡಕೋಳ ಮಡಿವಾಳಪ್ಪನ ಪದಗಳು. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿಯುವುದು. ದಮ್ಮಡಿ ಬಾರಿಸುತ್ತಿದ್ದ ಹಿರಿಯರಿಗೆ ಮೂರು ಗಂಟೆಯ ಹೊತ್ತಿಗೆ ಗಂಟಲೇ ಇರಲಿಲ್ಲ. ಒಂದು ಗುಟುಕು ಚಹಾ ಕುಡಿದು, ಗ್ಲಾಸನ್ನು ಮೊಣಕಾಲಿನ ಪಕ್ಕ ಇಟ್ಟು, ಮತ್ತೆ ಅದೇ ಒಡೆದ ದನಿಯಲ್ಲಿ ಎತ್ತಿದರು. ಯಾರಿಗೂ ಅದು ಅಪಸ್ವರ ಅನಿಸಲಿಲ್ಲ.

ಮುತ್ಯಾನ ದಿನಕಾರ್ಯ ಮುಗಿಸಿಕೊಂಡು ವಾಪಸ್ ಬರುವಾಗ ಸುಮ್ನೆ ಈ ಆಲ್ಬಮ್ ಹಚ್ಚಿದೆ. ಆಗ ಗೊತ್ತಾಯಿತು, ಇದೂ ಅದೇ ಕೆಲಸ ಮಾಡುತ್ತಿದೆ ಅಂತ. ರೆಕಾರ್ಡಿಂಗ್ ನಡೆದ ದಿನಗಳಲ್ಲಿ ಈ ಬ್ಯಾಂಡಿನವರ ಮನೆಗಳಲ್ಲೂ ಸಾವಾಗಿದ್ದವು. ರೆಜಿನ್ ಶಸಾನ್ಯಳ ಅಜ್ಜಿ, ಬಟ್ಲರ್ ಅಣ್ಣತಮ್ಮಂದಿರ ಅಜ್ಜ, ರಿಚರ್ಡ್ ರೀಡ್ ಪ್ಯಾರಿಯ ಹತ್ತಿರದ ಬಂಧು. ಆ ಅಜ್ಜ ಆಲ್ವಿನೊ ರೇ ಅವರೂ ಹೆಸರಾಂತ ಗಿಟಾರ್ ವಾದಕರು. ಆಲ್ಬಮ್ಮಿನ ಹೆಸರು ಬಂದದ್ದು ಅಲ್ಲಿಂದ. ಆದರೆ ಇದು ಅಳುವ ಆಲ್ಬಮ್ ಅಲ್ಲ, ಎಲ್ಲರೂ ಕೂಡಿ ಹಾಡುವ ಆಲ್ಬಮ್.

2004ರ ಸೆಪ್ಟೆಂಬರಿನಲ್ಲಿ ಬಂತು. ಬ್ಯಾಂಡ್ ಕೆನಡಾದ ಮಾಂಟ್ರಿಯಲ್‌ನದು, ಹೊರತಂದದ್ದು ಅಮೆರಿಕದ ಮರ್ಜ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ. ಇಂಡಿ ಸಂಗೀತ ಅಂದರೆ ಇದೇ, ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿದ್ದು.

ಮೊದಲ ಐದು ಹಾಡುಗಳಲ್ಲಿ ನಾಲ್ಕರ ಹೆಸರೂ 'ನೇಬರ್‌ಹುಡ್', ನಮ್ಮ ಮಾತಿನಲ್ಲಿ ಓಣಿ. ಮೊದಲನೆಯದರಲ್ಲಿ ಹಿಮ ಬಿದ್ದು ಓಣಿಯೇ ಹೂತುಹೋಗಿದೆ. ಹುಡುಗನೊಬ್ಬ ತನ್ನ ಕಿಟಕಿಯಿಂದ ಅವಳ ಕಿಟಕಿಯವರೆಗೆ ಸುರಂಗ ತೋಡುತ್ತಾನೆ. ನನಗೆ ಜಾಸ್ತಿ ಹತ್ತಿರವಾದದ್ದು ಮೂರನೇ ಓಣಿ, ಕರೆಂಟ್ ಹೋದ ಹಾಡು. 1998ರ ಜನವರಿಯಲ್ಲಿ ಕ್ವಿಬೆಕ್ ಕಡೆ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗಿ, ಅದರ ಭಾರಕ್ಕೆ ಕಂಬ, ತಂತಿ ಎಲ್ಲ ನೆಲಕ್ಕುರುಳಿದ್ದವು. ಲಕ್ಷಾಂತರ ಮನೆ ಕತ್ತಲಲ್ಲಿದ್ದವು. ಹಾಡು ಹುಟ್ಟಿದ್ದು ಆ ನೆನಪಿನಿಂದ. ಮೇ ತಿಂಗಳ ರಾತ್ರಿ ಕರೆಂಟ್ ಹೋದಾಗ ನಾನಿದನ್ನು ಮಾಳಿಗೆ ಮೇಲೆ ಕೂತು ಕೇಳುತ್ತೇನೆ. ಅವರು ಚಳಿಗೆ ನಡುಗುತ್ತಾರೆ, ನಾವು ಬೆವರುತ್ತೇವೆ. ಆದರೆ ದೀಪ ಆರಿದ ಕೂಡಲೇ ಮಕ್ಕಳೆಲ್ಲ ಹೋ ಎಂದು ಓಣಿಗೆ ಇಳಿಯುತ್ತಾರಲ್ಲ, ಅದು ಎರಡೂ ಕಡೆ ಒಂದೇ.

ಏಳನೆಯದು 'ವೇಕ್ ಅಪ್'. ಶುರುವಿನಲ್ಲೇ ಮಾತಿಲ್ಲದ ಒಂದು ಕೂಗು, ಬ್ಯಾಂಡಿನವರೆಲ್ಲ ಕೂಡಿ. ಒಮ್ಮೆ ಜೊತೆಗೆ ಕೂತಿದ್ದ ಕಾಕಾ ಕೇಳಿದರು, "ಯಾರ ಭಜನಿ ಹಚ್ಚೀದಿಯೋ ಇದು?" ಈ ಹಾಡಿಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಅವರೇ, "ಆ ಎಲ್ಲಾರೂ ಕೂಡಿ ಹಾಡೋದು ಹಚ್ಚು" ಅಂದರು.

ಕೊರತೆ ಇಲ್ಲ ಅಂತಲ್ಲ. ನಾಲ್ಕನೇ ಓಣಿ ನನಗೆ ಇವತ್ತಿಗೂ ಎಳೆದಂತೆ ಅನಿಸುತ್ತದೆ. ವಾದ್ಯಗಳ ಗದ್ದಲದಲ್ಲಿ ಮಾತು ಎಷ್ಟೋ ಕಡೆ ಮುಳುಗುತ್ತದೆ, ನಡುನಡುವೆ ಫ್ರೆಂಚ್ ಬೇರೆ. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಬರೀ ಗಲಾಟೆ. ಒಳ್ಳೆ ಇಯರ್‌ಫೋನ್ ಅಥವಾ ಗಾಡಿಯ ಸ್ಪೀಕರ್ ಬೇಕೇ ಬೇಕು. ಇನ್ನೊಂದು, ಹಾಡುಗಳ ಕ್ರಮ ತಪ್ಪಿಸಬೇಡಿ. 'ಹೈಟಿ' ಮುಗಿಯುವಾಗಿನ ಬಡಿತವೇ ಮುಂದುವರಿದು 'ರೆಬೆಲಿಯನ್' ಆಗುತ್ತದೆ, ನಡುವೆ ಉಸಿರು ಬಿಡುವಷ್ಟೂ ಜಾಗವಿಲ್ಲ. ನಾನು ಮೊದಲು ಬಳಸುತ್ತಿದ್ದ ಪುಕ್ಕಟೆ ಆ್ಯಪ್ ಸರಿಯಾಗಿ ಅಲ್ಲೇ ಜಾಹೀರಾತು ತುರುಕುತ್ತಿತ್ತು. ಅದೊಂದೇ ಕಾರಣಕ್ಕೆ ದುಡ್ಡು ಕೊಟ್ಟು ಆಲ್ಬಮ್ ಕೊಂಡೆ.

ಕೊನೆಯ ಹಾಡು ರೆಜಿನ್‌ಳದು. ಹಿಂದಿನ ಸೀಟಿನಲ್ಲಿ ಕೂತರೆ ನೆಮ್ಮದಿ, ಗಾಡಿ ಓಡಿಸುವ ಚಿಂತೆ ಇಲ್ಲ ಅಂತ ಮೆಲ್ಲಗೆ ಶುರು ಮಾಡುತ್ತಾಳೆ. ಮನೆಯವರು ಒಬ್ಬೊಬ್ಬರೇ ಎಲೆ ಉದುರಿದ ಹಾಗೆ ಹೋಗುತ್ತಾರೆ. ಕೊನೆಗೆ ದನಿ ಹರಿಯುವ ಹಾಗೆ ಕೂಗುತ್ತಾಳೆ. ನಾನು ಗಾಡಿ ಓಡಿಸಲು ಕಲಿತದ್ದು ಮುತ್ಯಾ ಹೋದ ಮೇಲೆ. ಈಗ ಹಿಂದಿನ ಸೀಟಿನಲ್ಲಿ ಅವ್ವ ಕೂಡುತ್ತಾಳೆ. ಈ ಹಾಡು ಬರುವ ಹೊತ್ತಿಗೆ ಬಹಳ ಸಲ ಅವಳಿಗೆ ನಿದ್ದೆ ಹತ್ತಿರುತ್ತದೆ, ಸೌಂಡ್ ಸ್ವಲ್ಪ ಕಡಿಮೆ ಮಾಡುತ್ತೇನೆ.