ಮೂರು ಕಂಪ್ಯೂಟರ್, ಒಂದೇ ಮಾನಿಟರ್: ನಾನು ಬಳಸಿ ನೋಡಿದ ಕೆವಿಎಂ ಸ್ವಿಚ್‌ಗಳು

ಮೊದಲೇ ಹೇಳಿಬಿಡುತ್ತೇನೆ. ಕೆವಿಎಂ ಸ್ವಿಚ್ ಅಂದರೆ ಒಂದೇ ಕೀಬೋರ್ಡ್, ಮಾನಿಟರ್, ಮೌಸನ್ನು ಹಲವು ಕಂಪ್ಯೂಟರ್‌ಗಳ ನಡುವೆ ಬದಲಾಯಿಸಿಕೊಡುವ ಡಬ್ಬಿ. ನನ್ನ ಮೇಜಿನ ಮೇಲೆ ಈಗ ಉಳಿದಿರುವುದು ನಾಲ್ಕು ಪೋರ್ಟಿನ ಎಚ್‌ಡಿಎಂಐ ಕೆವಿಎಂ ಸ್ವಿಚ್. ಅದಕ್ಕೆ ಸ್ವಂತ 12 ವೋಲ್ಟ್ ಅಡಾಪ್ಟರ್ ಇದೆ, ಇಡಿಐಡಿ ಎಮ್ಯುಲೇಶನ್ ಇದೆ (ಅದೇನು ಅಂತ ಮುಂದೆ ಹೇಳುತ್ತೇನೆ). ಕೇಬಲ್ ಎಲ್ಲ ಸೇರಿ ಸುಮಾರು 11,000 ರೂಪಾಯಿ ಆಯಿತು. ಒಂದು ಸ್ವಿಚ್ಚಿಗೆ ಅಷ್ಟು ದುಡ್ಡಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನನ್ನ ಕೆಲಸಕ್ಕೆ ಅದು ಸರಿಯಾದ ಬೆಲೆ ಅಂತಲೇ ನಾನು ಹೇಳುತ್ತೇನೆ. ಅದಕ್ಕೂ ಮೊದಲು 1,800 ರೂಪಾಯಿಯ ಸಣ್ಣ ಡಬ್ಬಿಯಲ್ಲಿ ಕೆಲಸ ಮಾಡಿದ್ದೇನೆ. ಕೆವಿಎಂ ಒಳಗೇ ಇರುವ ಮಾನಿಟರ್ ಮುಂದೆ ಕೂತಿದ್ದೇನೆ. ದುಡ್ಡೇ ಬೇಡದ ಸಾಫ್ಟ್‌ವೇರ್ ದಾರಿಯನ್ನೂ ನೋಡಿದ್ದೇನೆ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದ ಒಳಗೆ. ಬೆಂಗಳೂರಿನ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಒಂದು, ಹಗಲಿನ ಕೆಲಸ ಅದರಲ್ಲಿ. ನನ್ನದೇ ಡೆಸ್ಕ್‌ಟಾಪ್ ಇನ್ನೊಂದು. ಅದರಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಿಕೊಂಡು ಮದುವೆ ಕಾಗದ, ಸಂಘದ ವಾರ್ಷಿಕ ವರದಿ ಅಂತ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಮೂರನೆಯದು ಲಿನಕ್ಸ್ ಹಾಕಿದ ಮಿನಿ ಪಿಸಿ. ತೋಟದ ಲೆಕ್ಕ, ಕೆಲಸದವರ ಬಟವಾಡೆ, ಅಪ್ಪ ದಿನಾ ಬೆಳಿಗ್ಗೆ ಅಳೆದು ಹೇಳುವ ಮಳೆಯ ಇಂಚು ಸೆಂಟಿನ ಲೆಕ್ಕ, ಕಣದ ಕ್ಯಾಮೆರಾ ಎಲ್ಲ ಅದರಲ್ಲಿ. ಮೂರಕ್ಕೂ ಸೇರಿ 27 ಇಂಚಿನ ಒಂದು 4ಕೆ ಮಾನಿಟರ್, ಒಂದು ಕೀಬೋರ್ಡ್, ಒಂದು ಮೌಸ್, ಒಂದು ವೆಬ್‌ಕ್ಯಾಮ್. ಲ್ಯಾಪ್‌ಟಾಪ್ ಮುಚ್ಚುವುದಿಲ್ಲ. ಅದರ ಸ್ಕ್ರೀನ್ ಪಕ್ಕದಲ್ಲಿ ತೆರೆದೇ ಇರುತ್ತದೆ. ಇದು ನೆನಪಿರಲಿ, ಮುಂದಿನ ತೊಂದರೆ ಪೂರ್ತಿ ಇಲ್ಲಿಂದಲೇ ಶುರು.

ಸಣ್ಣ ಡಬ್ಬಿಯಿಂದ ಶುರು ಮಾಡೋಣ. ಎರಡು ಪೋರ್ಟು, ಮೇಲೊಂದು ಗುಂಡಿ, ಅಡಾಪ್ಟರ್ ಇಲ್ಲ. ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಅದಕ್ಕೆ ಕರೆಂಟು. ಗುಂಡಿ ಒತ್ತಿದರೆ ಚಿತ್ರ ಬದಲಾಗುತ್ತದೆ, ಕೀಬೋರ್ಡ್ ಬದಲಾಗುತ್ತದೆ. ಅಷ್ಟಕ್ಕೆ ಏನೂ ಹೇಳುವ ಹಾಗಿಲ್ಲ.

ತೊಂದರೆ ಗುಂಡಿ ಒತ್ತಿದ ಮೇಲೆ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಮಾನಿಟರ್ ಮೇಲೆ ಎಡಕ್ಕೆ ಒಂದು ವಿಂಡೋ, ಬಲಕ್ಕೆ ಒಂದು ವಿಂಡೋ ಜೋಡಿಸಿಟ್ಟಿರುತ್ತೇನೆ. ಬಟವಾಡೆ ಲೆಕ್ಕ ನೋಡೋಣ ಅಂತ ಮಿನಿ ಪಿಸಿಗೆ ಹೋಗುತ್ತೇನೆ. ವಾಪಸ್ ಬಂದು ನೋಡಿದರೆ ಎಲ್ಲ ವಿಂಡೋಗಳೂ ಲ್ಯಾಪ್‌ಟಾಪ್‌ನ ಸಣ್ಣ ಸ್ಕ್ರೀನಿಗೆ ಓಡಿ ಬಂದು ಒಂದರ ಮೇಲೊಂದು ಬಿದ್ದಿರುತ್ತವೆ. ಮತ್ತೆ ಒಂದೊಂದನ್ನೇ ಎಳೆದು ಜೋಡಿಸಬೇಕು. ದಿನಕ್ಕೆ ಒಂದು ಸಲ ಆದರೆ ಪರವಾಗಿಲ್ಲ. ನಾನು ಗಂಟೆಗೆ ಹಲವು ಸಲ ಆಚೆ ಈಚೆ ಹೋಗುವವನು.

ಇದು ಯಾಕೆ ಆಗುತ್ತದೆ ಅಂತ ಗೊತ್ತಾದ ಮೇಲೆಯೇ ಯಾವ ಸ್ವಿಚ್ ತಗೊಳ್ಳಬೇಕು ಅನ್ನುವುದು ಸ್ಪಷ್ಟವಾಯಿತು. ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್‌ಗಳಿವೆ. ಕೊನೆಯದರ ಮುಖ್ಯ ಕೆಲಸ, ಆ ತುದಿಯಲ್ಲಿ ಮಾನಿಟರ್ ಇದೆಯೋ ಇಲ್ಲವೋ ಅಂತ ತಿಳಿಸುವುದು. ಇದೆ ಅಂತ ಗೊತ್ತಾದ ಕೂಡಲೇ ಕಂಪ್ಯೂಟರ್ ಬೇರೆ ಎರಡು ಪಿನ್‌ಗಳ ಮೂಲಕ ಮಾನಿಟರಿನ ವಿವರ ಓದಿಕೊಳ್ಳುತ್ತದೆ. ಯಾವ ಕಂಪನಿಯದು, ಯಾವ ರೆಸಲ್ಯೂಶನ್, ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ) ಎಲ್ಲ ಅದರಲ್ಲಿ ಇರುತ್ತದೆ. ಈ ವಿವರದ ಪಟ್ಟಿಯೇ ಇಡಿಐಡಿ. ಅದರ ಮೊದಲ ಭಾಗ ಬರೀ 128 ಬೈಟ್. ಅಗ್ಗದ ಸ್ವಿಚ್ ಈ ಪಿನ್‌ಗಳನ್ನೂ ಚಿತ್ರದ ಜೊತೆಗೇ ಆಚೆ ತಿರುಗಿಸಿಬಿಡುತ್ತದೆ. ಆಗ ಲ್ಯಾಪ್‌ಟಾಪ್ ಪಾಲಿಗೆ ಯಾರೋ ಮಾನಿಟರ್ ಕಿತ್ತ ಲೆಕ್ಕ. ಇಲ್ಲದ ಸ್ಕ್ರೀನ್ ಮೇಲೆ ವಿಂಡೋ ಇಡುವುದು ಹೇಗೆ? ಎಲ್ಲವನ್ನೂ ತನ್ನ ಸ್ಕ್ರೀನಿಗೆ ಎಳೆದುಕೊಳ್ಳುತ್ತದೆ.

ಇಡಿಐಡಿ ಎಮ್ಯುಲೇಶನ್ ಇರುವ ಸ್ವಿಚ್ ಆ ವಿವರವನ್ನು ತಾನೇ ಇಟ್ಟುಕೊಂಡು, ಎಲ್ಲ ಪೋರ್ಟಿಗೂ ಯಾವಾಗಲೂ ತೋರಿಸುತ್ತಿರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟ ಹಾಗೆ. ನಾವು ಇಳಿದು ಟೀ ಕುಡಿದು ಬಂದರೂ ಜಾಗ ಜಾಗದಲ್ಲೇ ಇರುತ್ತದೆ. ಲ್ಯಾಪ್‌ಟಾಪ್‌ಗೆ ಮಾನಿಟರ್ ಹೋದದ್ದೇ ಗೊತ್ತಾಗುವುದಿಲ್ಲ.

ವಿಂಡೋಸ್ 11ರಲ್ಲಿ ಇದಕ್ಕೊಂದು ಮದ್ದು ಇದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ, ಮಲ್ಟಿಪಲ್ ಡಿಸ್‌ಪ್ಲೇಸ್ ಕೆಳಗೆ, ಮಾನಿಟರ್ ಸಂಪರ್ಕ ನೋಡಿ ವಿಂಡೋಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆ. ಅದನ್ನು ಆನ್ ಮಾಡಿದೆ. ಬ್ರೌಸರ್, ಎಕ್ಸೆಲ್ ಮಟ್ಟಿಗೆ ಉಪಯೋಗವಾಯಿತು. ರಿಮೋಟ್ ಡೆಸ್ಕ್‌ಟಾಪ್ ವಿಂಡೋ ಮಾತ್ರ ಪ್ರತಿ ಸಲವೂ ಅಳತೆ ಕೆಡಿಸಿಕೊಂಡೇ ಬರುತ್ತಿತ್ತು. ನನ್ನ ಅರ್ಧ ಕೆಲಸ ಆ ವಿಂಡೋದಲ್ಲೇ.

ಕೊಡಗಿನಲ್ಲಿ ಇರುವವರಿಗೆ ಇದಕ್ಕೆ ಇನ್ನೊಂದು ಮುಖ ಇದೆ. ಜೂನ್ ಬಂತೆಂದರೆ ಗಾಳಿ ಮಳೆಗೆ ಎಲ್ಲಾದರೂ ಒಂದು ಕೊಂಬೆ ಲೈನಿನ ಮೇಲೆ ಬಿದ್ದೇ ಬೀಳುತ್ತದೆ. ಕರೆಂಟು ಪೂರ್ತಿ ಹೋದರೆ ಇನ್ವರ್ಟರ್ ಇದೆ. ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಗಿ ಬರುವುದೇ ಜಾಸ್ತಿ. ನಮ್ಮ ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಸಣ್ಣ ಅವಧಿಯಲ್ಲಿ ಮಾನಿಟರ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಮಾನಿಟರ್ ಕಿತ್ತು ಮತ್ತೆ ಹಾಕಿದರು ಅಂತ ಅದು ತಿಳಿಯುತ್ತದೆ. ಮತ್ತೆ ಎಲ್ಲ ವಿಂಡೋ ಚೆಲ್ಲಾಪಿಲ್ಲಿ. ಮಳೆಗಾಲದಲ್ಲಿ ಗುಂಡಿ ಮುಟ್ಟದೇ ಇದ್ದರೂ ಇದೇ ಗೋಳು. ಮೀಟಿಂಗ್‌ನಲ್ಲಿ ನನ್ನ ಸ್ಕ್ರೀನ್ ತೋರಿಸುತ್ತಿರುವಾಗ ಹೀಗಾದರೆ ಆ ಕಡೆಯವರಿಗೆ ಏನೂ ಅರ್ಥವಾಗುವುದಿಲ್ಲ.

ಹಾಗಾಗಿ ನನಗೆ ಅಡಾಪ್ಟರ್ ಇರುವ ಸ್ವಿಚ್ಚೇ ಬೇಕಿತ್ತು. ರೂಟರಿಗೆ ಹಾಕುವ ಸಣ್ಣ ಯುಪಿಎಸ್ ನೋಡಿರುತ್ತೀರಿ, ಇಲ್ಲಿ ಇಂಟರ್‌ನೆಟ್ ನಂಬಿ ಕೆಲಸ ಮಾಡುವವರ ಮನೆಗಳಲ್ಲಿ ಸಾಮಾನ್ಯ. ಅದೂ 12 ವೋಲ್ಟ್. ಎರಡು ಔಟ್‌ಪುಟ್ ಇರುವ ಯುಪಿಎಸ್ ತಂದು, ಒಂದರಲ್ಲಿ ರೂಟರ್, ಇನ್ನೊಂದರಲ್ಲಿ ಸ್ವಿಚ್ ಹಾಕಿದ್ದೇನೆ. ಈಗ ಕರೆಂಟು ಮಿಟುಕಿದರೆ ಮಾನಿಟರ್ ಕಪ್ಪಾಗಿ ಮತ್ತೆ ಬೆಳಗುತ್ತದೆ, ಅಷ್ಟೇ. ಸ್ವಿಚ್ ಆನ್ ಆಗಿಯೇ ಇರುವುದರಿಂದ ಲ್ಯಾಪ್‌ಟಾಪ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ನೀವೂ ಹೀಗೆ ಮಾಡುವುದಾದರೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್ ಮೈನಸ್ ಗುರುತು ಮೂರನ್ನೂ ತಾಳೆ ನೋಡಿಯೇ ಚುಚ್ಚಿ. ಕೆಲವು ಸ್ವಿಚ್‌ಗಳು 5 ವೋಲ್ಟಿನವು. ಅವಕ್ಕೆ 12 ಕೊಟ್ಟರೆ ಸುಟ್ಟೇ ಹೋಗುತ್ತವೆ.

ಎಮ್ಯುಲೇಶನ್‌ನಲ್ಲೂ ಎರಡು ಬಗೆ ಇದೆ. ಕೆಲವು ಸ್ವಿಚ್‌ಗಳು ಕಾರ್ಖಾನೆಯಲ್ಲೇ ತುಂಬಿದ ಒಂದು ಪಟ್ಟಿಯನ್ನು ತೋರಿಸುತ್ತವೆ. ಆ ಪಟ್ಟಿಯಲ್ಲಿ ನಿಮ್ಮ ಮಾನಿಟರಿನ ರೆಸಲ್ಯೂಶನ್ ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಕೊಡುವುದೇ ಇಲ್ಲ. ಇನ್ನು ಕೆಲವು ಎದುರಿಗಿರುವ ಮಾನಿಟರಿನ ಪಟ್ಟಿಯನ್ನೇ ನಕಲು ಮಾಡಿಕೊಳ್ಳುತ್ತವೆ. ನನ್ನದು ಎರಡನೆಯ ಬಗೆ. ಅದನ್ನೇ ಹುಡುಕಿ ತಗೊಳ್ಳಿ.

ಇರುವ ಸ್ವಿಚ್ಚನ್ನೇ ಉಳಿಸಿಕೊಂಡು ಪ್ರತಿ ಕೇಬಲ್‌ಗೂ ಒಂದೊಂದು ಇಡಿಐಡಿ ಎಮ್ಯುಲೇಟರ್ ತುಂಡು ಹಾಕುವ ದಾರಿಯೂ ಇದೆ. ಎರಡು ಕಂಪ್ಯೂಟರ್ ಇರುವವರಿಗೆ ಅದು ಅಗ್ಗ. ಮೂರಾದರೆ ಲೆಕ್ಕ ಹೊಂದುವುದಿಲ್ಲ.

ಸಣ್ಣ ಡಬ್ಬಿಯ ಇನ್ನೊಂದು ಕೊರತೆ, ಅದು ಹಳೆಯ ಎಚ್‌ಡಿಎಂಐ 1.4. 4ಕೆಯಲ್ಲಿ 30 ಹರ್ಟ್ಸ್ ಮಾತ್ರ. ಮೌಸ್ ಬಾಣ ಎಳೆದೆಳೆದು ಓಡುತ್ತದೆ, ಪುಟ ಕಟ್ಟುವಾಗ ಕಣ್ಣು ನೋಯುತ್ತದೆ. ಡಬ್ಬದ ಮೇಲೆ ಸುಮ್ನೆ 4ಕೆ ಅಂತ ಬರೆದಿದ್ದರೆ ಸಾಲದು, 60 ಹರ್ಟ್ಸ್ ಅಂತಲೂ ಇರಬೇಕು.

ಈಗ ಕೀಲಿಯ ವಿಷಯ. ಇದು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಬರುವ ಕಷ್ಟ, ಬೇರೆ ಎಲ್ಲೂ ಇದರ ಬಗ್ಗೆ ಓದಲು ಸಿಗಲಿಲ್ಲ. ತುಂಬಾ ಕೆವಿಎಂ ಸ್ವಿಚ್‌ಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಕಂಪ್ಯೂಟರ್ ಬದಲಾಗುತ್ತದೆ. ಆ ಕೀಲಿಯನ್ನು ಈಗ ಯಾರೂ ಬಳಸುವುದಿಲ್ಲ ಅನ್ನುವ ನಂಬಿಕೆ ಸ್ವಿಚ್ ತಯಾರಿಸುವವರದ್ದು. ಆದರೆ ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವುದು ಅದೇ ಸ್ಕ್ರೋಲ್ ಲಾಕ್‌ನಿಂದ ಅಲ್ವಾ? ವರದಿಯ ಮಧ್ಯೆ ಒಂದು ಇಂಗ್ಲಿಷ್ ಅಕ್ಷರ ಹಾಕಿ ಕನ್ನಡಕ್ಕೆ ವಾಪಸ್ ಬರುವಾಗ ಬೆರಳು ಎರಡು ಸಲ ಅದರ ಮೇಲೆ ಬೀಳುತ್ತದೆ. ಸ್ವಿಚ್ ಅದನ್ನು ತನಗೆ ಹೇಳಿದ ಮಾತು ಅಂದುಕೊಂಡು ಲ್ಯಾಪ್‌ಟಾಪ್‌ಗೆ ಹಾರುತ್ತದೆ. ಮುಂದಿನ ಅರ್ಧ ಸಾಲು ಅಲ್ಲಿ ತೆರೆದಿರುವ ಚಾಟ್‌ನಲ್ಲಿ ಹೋಗಿ ಬೀಳುತ್ತದೆ.

ನನ್ನ ನಾಲ್ಕು ಪೋರ್ಟಿನ ಸ್ವಿಚ್‌ನಲ್ಲಿ ಈ ಕೀಲಿಯನ್ನು ಬಲಗಡೆಯ ಕಂಟ್ರೋಲ್‌ಗೆ ಬದಲಿಸಬಹುದು, ಬೇಡವೆಂದರೆ ಪೂರ್ತಿ ಆಫ್ ಮಾಡಬಹುದು. ನಾನು ಆಫ್ ಮಾಡಿದ್ದೇನೆ. ಜೊತೆಗೆ ತಂತಿ ಇರುವ ಒಂದು ಗುಂಡಿ ಕೊಟ್ಟಿದ್ದಾರೆ, ಅದನ್ನು ಮೇಜಿನ ಅಂಚಿನ ಕೆಳಗೆ ಅಂಟಿಸಿಕೊಂಡಿದ್ದೇನೆ. ಎಡಗೈಗೆ ತಾನಾಗಿ ಸಿಗುತ್ತದೆ. ನುಡಿ ಬಳಸುವವರು ಸ್ವಿಚ್ ತಗೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳಲೇಬೇಕು.

ಈ ಸ್ವಿಚ್‌ನಲ್ಲೂ ನನಗೆ ಹಿಡಿಸದ್ದು ಇದೆ. ಕೀಬೋರ್ಡಿಗೆ ಅಂತಲೇ ಇರುವ ಪೋರ್ಟಿನಲ್ಲಿ ನನ್ನ ಕೀಬೋರ್ಡಿನ ಧ್ವನಿ ಹೆಚ್ಚು ಕಮ್ಮಿ ಮಾಡುವ ಕೀಲಿಗಳು ಕೆಲಸ ಮಾಡುವುದಿಲ್ಲ. ಪಕ್ಕದ ಸಾಮಾನ್ಯ ಯುಎಸ್‌ಬಿ ಪೋರ್ಟಿಗೆ ಹಾಕಿದರೆ ಎಲ್ಲ ಕೀಲಿಗಳೂ ಸರಿ, ಆದರೆ ಪ್ರತಿ ಸಲ ಬದಲಿಸಿದಾಗಲೂ ಕೀಬೋರ್ಡ್ ಎಚ್ಚರವಾಗಲು ಸ್ವಲ್ಪ ಹೊತ್ತು ಬೇಕು. ನಾನು ಎರಡನೆಯದನ್ನು ಒಪ್ಪಿಕೊಂಡಿದ್ದೇನೆ. ವೈರ್‌ಲೆಸ್ ಮೌಸ್‌ನ ಡಾಂಗಲ್ಲನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕ ಇಟ್ಟರೆ ಮೌಸ್ ತಡೆತಡೆದು ಓಡುತ್ತದೆ. ಯುಎಸ್‌ಬಿ 3 ಹೊರಬಿಡುವ ರೇಡಿಯೋ ಗದ್ದಲ ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡ ಬರುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಒಂದು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಎಳೆದರೆ ಸರಿಹೋಗುತ್ತದೆ.

ಕೆವಿಎಂ ಇರುವ ಮಾನಿಟರ್ ನೋಡಿದ್ದು ಕುಶಾಲನಗರದಲ್ಲಿ, ಚಿಕ್ಕಪ್ಪನ ಮಗನ ಮನೆಯಲ್ಲಿ. ಅಲ್ಲಿ ಕೂತು ನನ್ನದೇ ಲ್ಯಾಪ್‌ಟಾಪ್ ಹಾಕಿ ಕೆಲಸ ಮಾಡಿದೆ. ಒಂದೇ ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಚಿತ್ರ, ಕೀಬೋರ್ಡ್, ಚಾರ್ಜಿಂಗ್ ಎಲ್ಲ ಬರುತ್ತದೆ. ಮೇಜು ಎಷ್ಟು ಚೊಕ್ಕ ಕಾಣುತ್ತದೆ ಅಂದರೆ, ಆ ಒಂದು ವಿಷಯದಲ್ಲಿ ನನ್ನ ಸ್ವಿಚ್ ಅದರ ಹತ್ತಿರ ಬರುವುದಿಲ್ಲ. ಆದರೆ ಅದಕ್ಕೆ ಎರಡೇ ಕಂಪ್ಯೂಟರ್ ಸೇರುತ್ತವೆ, ಮೂರನೆಯದಕ್ಕೆ ಜಾಗವಿಲ್ಲ. ಆಚೆ ಹೋಗಿ ಬಂದರೆ ವಿಂಡೋಗಳು ಅಲ್ಲೂ ಓಡುತ್ತಿದ್ದವು. ಅವನು ಕೊಟ್ಟ ಬೆಲೆ 38,000. ಮಾನಿಟರ್ ಕೆಟ್ಟು ಮೈಸೂರಿಗೆ ರಿಪೇರಿಗೆ ಹೋದರೆ ಕೆವಿಎಂ ಕೂಡ ಅದರ ಜೊತೆಗೇ ಹೋಗುತ್ತದೆ. ಮಾನಿಟರ್ ಹೇಗೂ ಹೊಸದು ಬೇಕು, ಎರಡೇ ಕಂಪ್ಯೂಟರ್ ಅನ್ನುವವರು ಅದನ್ನು ನೋಡಬಹುದು.

ಸಾಫ್ಟ್‌ವೇರ್ ದಾರಿ ಬೇಗ ಮುಗಿಯಿತು. ಮೈಕ್ರೋಸಾಫ್ಟ್‌ನ ಮೌಸ್ ವಿದೌಟ್ ಬಾರ್ಡರ್ಸ್ 2023ರಿಂದ ಅವರದ್ದೇ ಪವರ್‌ಟಾಯ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಕಟ್ಟಿನ ಜೊತೆಗೇ ಬರುತ್ತದೆ, ಆದರೆ ವಿಂಡೋಸ್‌ಗೆ ಮಾತ್ರ. ಲಿನಕ್ಸ್ ಇರುವವರಿಗೆ ಇನ್‌ಪುಟ್ ಲೀಪ್ ಇದೆ. ಡೆಸ್ಕ್‌ಟಾಪ್ ಮತ್ತು ಮಿನಿ ಪಿಸಿ ನಡುವೆ ಅದು ಚೆನ್ನಾಗಿಯೇ ನಡೆಯಿತು. ಆದರೆ ಇವು ಹಂಚುವುದು ಕೀಬೋರ್ಡ್ ಮೌಸ್ ಮಾತ್ರ, ಮಾನಿಟರನ್ನಲ್ಲ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಹಾಕಲು ಬಿಡುವುದಿಲ್ಲ, ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಫೀಸಿನ ಕಟ್ಟುಪಾಡು ಇಲ್ಲದವರು, ಪ್ರತಿ ಕಂಪ್ಯೂಟರಿಗೂ ಬೇರೆ ಸ್ಕ್ರೀನ್ ಇರುವವರು ದುಡ್ಡು ಖರ್ಚು ಮಾಡುವ ಮೊದಲು ಇದನ್ನೇ ನೋಡಿ.

ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಸ್ವಿಚ್ ಆದರೂ ಒಂದೇ. ಮೂರೂ ಕಂಪ್ಯೂಟರ್ ಒಂದೇ ಡಬ್ಬಿಗೆ ಸೇರಿರುತ್ತವೆ, ಒಂದಕ್ಕೆ ಹೊಡೆದರೆ ಉಳಿದವಕ್ಕೂ ದಾರಿ ಇದೆ. ಪಶ್ಚಿಮದಲ್ಲಿ ಮೋಡ ಕಪ್ಪಾದ ಕೂಡಲೇ ನಾನು ಪ್ಲಗ್ ಕಿತ್ತಿಡುತ್ತೇನೆ.

ತರಿಸಿಕೊಂಡ ದಿನವೇ ನಾಲ್ಕು ಪರೀಕ್ಷೆ ಮಾಡಿ. ವಿಂಡೋಗಳನ್ನು ಜೋಡಿಸಿಟ್ಟು ಆಚೆ ಹೋಗಿ ವಾಪಸ್ ಬನ್ನಿ. ಮಾನಿಟರಿನ ಪ್ಲಗ್ ಕಿತ್ತು ಮತ್ತೆ ಹಾಕಿ. ನುಡಿ ತೆರೆದು ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದೆಯಾ ನೋಡಿ. ಇದರಲ್ಲಿ ಯಾವುದು ಕೈಕೊಟ್ಟರೂ ಅವತ್ತೇ ವಾಪಸ್ ಹಾಕಿ. ಮಳೆಗಾಲದಲ್ಲಿ ಕೊರಿಯರ್‌ನವರು ತೋಟದ ಮನೆವರೆಗೆ ಪಿಕಪ್‌ಗೆ ಬರುವುದು ತಡವಾಗುತ್ತದೆ, ವಾಪಸ್ ಕೊಡುವ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ.